ನಗುವುದಕ್ಕೆ ಹಚ್ಚಿದ ಪುರಾಣ

ಸುತ್ತಿ ಬಳಸಿ ಹೇಳುವುದು ನನಗೆ ಆಗಿಬರುವುದಿಲ್ಲ. ಮಳೆ ಬಂದರೆ ಮಳೆ ಬಂತು ಅನ್ನಬೇಕು. ಆಕಾಶ ಅತ್ತಿತು, ಭೂಮಿ ಸೆರಗೊಡ್ಡಿತು ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ನವೆ ಹತ್ತುತ್ತದೆ. ಅಂಥ ನಾನು ಒಂದು ಇಡೀ ಹತ್ತಿ ಹಂಗಾಮಿನಲ್ಲಿ, ಚಂದ್ರನ ಮೇಲೆ ಚಂದ್ರನನ್ನು ಪೇರಿಸಿದ ಒಂದು ಧಾರಾವಾಹಿಯನ್ನು ಒಂದಕ್ಷರ ಬಿಡದೆ ಓದಿದೆ. ಸೇರಿತು ಅಂತ ಅಲ್ಲ. ಸೇರಲಿಲ್ಲ ಅಂತ.

ಆಂಧ್ರದ ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನನ್ನ ಕೆಲಸ. ಮಷಿನ್ನುಗಳ ಬಾಯಿಗೆ ಹತ್ತಿ ತುಂಬುವುದು. ಬೀಜ ಕೆಳಗೆ ಉದುರುತ್ತದೆ, ಅರಳೆ ಆಚೆ ಹೋಗುತ್ತದೆ, ಉಳಿದ ನವಿರೆಲ್ಲ ತೇಲಿ ಬಂದು ನಮ್ಮ ತಲೆ, ಹುಬ್ಬು, ಊಟದ ಡಬ್ಬಿಯ ಮೇಲೆ ಕೂರುತ್ತದೆ. ಮಧ್ಯಾಹ್ನ ಊಟಕ್ಕೆ ಮಷಿನ್ ನಿಲ್ಲಿಸಿದ ಮೇಲೂ ಕಿವಿಯೊಳಗೆ ಅದು ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ಆಗ ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ಆ ಕೋಲುಗಳಲ್ಲಿ ಹತ್ತಿಯ ನವಿರು ಮೇಲಕ್ಕೂ ಹೋಗದೆ, ಕೆಳಕ್ಕೂ ಬರದೆ ನಿಂತಿರುತ್ತದೆ. ರಾಶಿಗೆ ಬೆನ್ನು ಕೊಟ್ಟರೆ ರಾಶಿಯೇ ನಮ್ಮನ್ನು ಮೆಲ್ಲಗೆ ಒಳಕ್ಕೆ ತೆಗೆದುಕೊಳ್ಳುತ್ತದೆ. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನಮ್ಮ ಓದು ನಡೆಯುತ್ತಿದ್ದದ್ದು ಆ ಹೊತ್ತಿನಲ್ಲೇ.

ಓದುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ ಟಪಾಲಿನಲ್ಲಿ ಬರುತ್ತಿದ್ದ ಒಂದು ತೆಳ್ಳನೆಯ ಕನ್ನಡ ಪತ್ರಿಕೆ. ಅದರ ಕೊನೆಯ ಪುಟದಲ್ಲಿ ನಮ್ಮ ಮಿಲ್ಲಿನ ಜಾಹೀರಾತು ಇರುತ್ತಿತ್ತು, ಅದಕ್ಕೆ ಕಳಿಸುತ್ತಿದ್ದರು. ಮಿಲ್ಲಿನ ಸಾವ್ಕಾರರು ಜಾಹೀರಾತು ಸರಿಯಾಗಿ ಬಂದಿದೆಯಾ ಅಂತ ನೋಡಿ ತೂಕದ ಕೋಣೆಯ ಕಿಟಕಿಯಲ್ಲಿ ಬಿಸಾಡುತ್ತಿದ್ದರು. ಮಿಲ್ಲಿನಲ್ಲಿ ಎಲ್ಲರ ಮನೆಮಾತೂ ಕನ್ನಡವೇ. ಆದರೆ ಉಳಿದವರೆಲ್ಲ ಕಲಿತದ್ದು ತೆಲುಗು ಶಾಲೆಯಲ್ಲಿ. ನಮ್ಮೂರಲ್ಲಿ ಕನ್ನಡ ಶಾಲೆ ಇತ್ತು, ನಾನು ಏಳನೇ ತರಗತಿವರೆಗೆ ಅಲ್ಲಿ ಕೂತು ಎದ್ದು ಬಂದವನು. ಹಾಗಾಗಿ ಅದನ್ನು ಓದಬಲ್ಲವನು ನಾನೊಬ್ಬನೇ.

ಮೊದಲ ಸಲ ಓದಿದ್ದು ಆಯುಧ ಪೂಜೆಯ ಮರುದಿನ. ಮಷಿನ್ನುಗಳಿಗೆ ಹಾಕಿದ ಚೆಂಡುಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಮಷಿನ್ ರಿಪೇರಿ ಮಾಡುವ ಫಿಟ್ಟರ್ ಒಬ್ಬನಿದ್ದಾನೆ, ನಾವೆಲ್ಲ ಅವನನ್ನು ಮಾಮ ಅನ್ನುತ್ತೇವೆ. ಪತ್ರಿಕೆ ತಿರುವುತ್ತ ನಾನು ಧಾರಾವಾಹಿಯ ಒಂದು ಸಾಲು ಗಟ್ಟಿಯಾಗಿ ಓದಿದೆ, ಮಾಮನಿಗೆ ನಕ್ಕು ಅನ್ನ ನೆತ್ತಿಗೇರಿತು.

"ಏ ಅಳಿಯಾ, ಇದು ಹಂಗ ಓದಾದಲ್ಲ. ಪುರಾಣ ಓದಿದಂಗ ಓದಬೇಕು. ನೀ ಓದು, ನಾ ಅರ್ಥ ಹೇಳತೀನಿ."

ನಮ್ಮ ಕಡೆ ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ರಾಗ ಎಳೆದು ಓದುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಸಾಲುಸಾಲಿಗೂ ಅರ್ಥ ಹೇಳುತ್ತಾರೆ. ಕಾಯಿ ಒಡೆದು ಶುರು ಮಾಡಿದರೆ ಕೊನೆಯ ದಿನ ಮಂಗಳ ಹಾಡುವವರೆಗೆ ನಿಲ್ಲಿಸುವಂತಿಲ್ಲ. ಪೂಜೆಯಲ್ಲಿ ಒಂದು ಕಾಯಿ ಉಳಿದಿತ್ತು. ಮಾಮ ಅದನ್ನು ಗೇಟಿನ ಕಲ್ಲಿಗೆ ಒಡೆದು ಎಲ್ಲರ ಕೈಗೂ ಒಂದೊಂದು ಚೂರು ಕೊಟ್ಟ. ನಮ್ಮ ಪುರಾಣ ಹಚ್ಚಿದ್ದಾಯಿತು.

ಕತೆ ಅಂದರೆ ಇಷ್ಟೇ. ಒಬ್ಬ ಹುಡುಗಿ ಸಂಜೆ ಕೊಡ ಹಿಡಿದು ತುಂಗಭದ್ರೆಗೆ ಹೋಗುತ್ತಾಳೆ, ನೀರಿಗಿಳಿಯುತ್ತಾಳೆ. ಆಮೇಲೆ ಚಂದ್ರ ಹುಟ್ಟುತ್ತಾನೆ. ಅಲ್ಲಿಂದ ಕತೆ ಮುಂದಕ್ಕೆ ಹೋಗುವುದೇ ಇಲ್ಲ. ಅವಳು ಸೊಂಟದ ಮಟ್ಟ ನೀರಿನಲ್ಲಿ ನಿಂತಿರುತ್ತಾಳೆ, ಬರೆಯುವವನು ಬೆಳ್ದಿಂಗಳನ್ನು ಬರೆಯುತ್ತಲೇ ಇರುತ್ತಾನೆ. ಒಂದು ಕಂತನ್ನು ನಾವು ದಿನಕ್ಕೆ ನಾಕು ಸಾಲಿನಂತೆ ಎಳೆದು ಓದುತ್ತಿದ್ದೆವು.

"ಬೆಳ್ದಿಂಗಳೆಂಬ ಹಾಲು ಉಕ್ಕಿ ಹರಿದು ತುಂಗಭದ್ರೆಯೆಂಬ ತರುಣಿಯ ಹೆಗಲ ಮೇಲೆ ಬೆಳ್ಳಿಯ ಶಾಲಾಯಿತು," ಅಂತ ನಾನು ರಾಗ ತೆಗೆಯುತ್ತಿದ್ದೆ.

"ಅಂದ್ರ," ಮಾಮ ಕಣ್ಣು ಮುಚ್ಚಿ ಕೈ ಎತ್ತುತ್ತಿದ್ದ, "ಹಾಲು ಉಕ್ಕೈತಿ. ಒಲಿ ಮುಂದ ಯಾರೂ ಇದ್ದಿಲ್ಲ. ಹೆಣ್ತಿ ಫೋನಿನಾಗ ಇದ್ಲು."

"ಅವಳ ಕಂಗಳೆಂಬ ಕಮಲಗಳಲ್ಲಿ ಎರಡು ದುಂಬಿಗಳು ಸಿಲುಕಿ ಹೊರಳುತ್ತಿದ್ದವು."

"ಅಂದ್ರ, ಕಣ್ಣಾಗ ಹುಳ ಬಿದ್ದಾವ. ಜಲ್ದಿ ಆಸ್ಪತ್ರಿಗೆ ತೋರಸ್ರಪಾ."

ರಾಶಿಯ ಆ ಕಡೆಯಿಂದ ಹೆಂಗಸರ ನಗು ಬರುತ್ತಿತ್ತು. ಹತ್ತಿಯೊಳಗಿಂದ ಬರುವ ನಗು, ಮೆತ್ತಗೆ, ದೂರದಿಂದ ಬಂದ ಹಾಗೆ. ಎಲೆಚೂರು, ಹುಳು ತಿಂದ ಹತ್ತಿ ಆರಿಸುವ ಕೆಲಸ ಅವರದು. ಊಟದ ಹೊತ್ತಿನಲ್ಲೂ ಅವರ ಬೆರಳು ತಾವಾಗಿಯೇ ಆರಿಸುತ್ತಿರುತ್ತಿದ್ದವು.

ಹೀಗೆ ನಡೆಯಿತು. ಪತ್ರಿಕೆ ಬರುವ ದಿನ ನಾನು ಟಪಾಲಿನವನ ದಾರಿ ನೋಡುತ್ತಿದ್ದೆ. ಇಷ್ಟಪಟ್ಟ ಯಾವುದಕ್ಕೂ ನಾನು ಹಾಗೆ ಕಾದಿದ್ದು ನೆನಪಿಲ್ಲ. ಫೋನಿನಲ್ಲಿ ಇಷ್ಟವಾದದ್ದನ್ನು ಬೆರಳಿನಿಂದ ಮೇಲೆ ತಳ್ಳಿ ಮುಂದೆ ಹೋಗುತ್ತೇನೆ, ಏನು ನೋಡಿದೆ ಅಂತ ಸಂಜೆಗೆ ಹೇಳಲು ಬರುವುದಿಲ್ಲ. ಆದರೆ ಈ ದರಿದ್ರ ಚಂದ್ರನನ್ನು ನಾನು ಒಂದೊಂದೇ ಅಕ್ಷರ ಹಿಡಿದು ಓದುತ್ತಿದ್ದೆ. ಎಲ್ಲಿ ನಗಬಹುದು ಅಂತ ಹುಡುಕಬೇಕಾದರೆ ಎಲ್ಲವನ್ನೂ ನೋಡಬೇಕು. ಹತ್ತಿ ಆರಿಸುವುದೂ ಹಾಗೇ. ಕಸಕ್ಕಾಗಿ ಕೈ ಹಾಕಿದರೂ ಇಡೀ ರಾಶಿ ಬೆರಳಿಂದ ಹಾದುಹೋಗುತ್ತದೆ.

ಆರಿಸುವ ಹೆಂಗಸರಲ್ಲಿ ಒಬ್ಬಳನ್ನು ನಾನು ಅತ್ತಿ ಅಂತ ಕರೆಯುತ್ತಿದ್ದೆ. ಚಿಪ್ಪಗಿರಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಆದೋನಿಗೆ ಬಂದು ಗುಡ್ಡದ ಕೆಳಗೆ ಒಂದು ಕೋಣೆ ಹಿಡಿದಿದ್ದಳು. ಒಬ್ಬಳೇ ಮಗಳು. ಆ ಮಗಳು ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಅತ್ತಿ ದಿನಾ ಸಂಜೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ನಾವು ಓದಿದ್ದನ್ನು ಅವಳಿಗೆ ಹೇಳುತ್ತಾಳೆ ಅಂತ ನಮಗೆ ಗೊತ್ತಿರಲಿಲ್ಲ. ಮಾಮನ ಅರ್ಥ ಬಿಟ್ಟು, ಬರೀ ಕತೆ.

ಸಂಕ್ರಾಂತಿ ಆದಮೇಲೆ ಪತ್ರಿಕೆ ಬರಲಿಲ್ಲ. ಮುಂದಿನದೂ ಬರಲಿಲ್ಲ. ಹುಡುಗಿ ನೀರಿನಲ್ಲೇ ಉಳಿದಳು.

"ಹೋಗಲಿ ಬಿಡು," ಅಂದ ಮಾಮ. "ನಮ್ಮ ಫೋನಿನಾಗ ಒಬ್ಬ ದಿನಾ ರಾಶಿ ಫಲ ಹೇಳತಾನ. ಅವನ್ನ ಹಚ್ಚೋಣ."

"ಹೆಂಗ ಹಚ್ಚತೀರಿ?" ಅತ್ತಿ ರಾಶಿಯ ಆ ಕಡೆಯಿಂದ ಎದ್ದು ಬಂದಳು. ಸೆರಗಿನ ತುಂಬ ಹತ್ತಿ ಅಂಟಿತ್ತು. "ಒಂದು ಮುಗೀಲಾರದ ಇನ್ನೊಂದು ಹಚ್ಚತಾರೇನು? ಕಾಯಿ ಒಡದೀರಿ. ಮಂಗಳ ಯಾರು ಮಾಡವ್ರು?"

"ಅಯ್ಯೋ ಅತ್ತಿ, ಅದು ತಮಾಷಿಗೆ ಒಡದಿದ್ದು."

"ನಾ ಪ್ರಸಾದ ತಿಂದೀನಿ. ನನಗ ತಮಾಷಿ ಅಂತ ಹೇಳಿ ಕೊಟ್ಟೆಯೇನು?"

ಮಾಮ ಡಬ್ಬಿಯ ಮುಚ್ಚಳ ಒತ್ತತೊಡಗಿದ. ನನಗೆ ಸಿಟ್ಟು ಬಂತು. "ಅತ್ತಿ, ಅದು ಪುರಾಣ ಅಲ್ಲ, ಏನೂ ಅಲ್ಲ. ಯಾವನೋ ಕೆಲಸ ಇಲ್ಲದಾವ ಬರದಾನ."

ಅತ್ತಿ ನನ್ನ ಹತ್ತಿರ ಕೂತಳು. ದನಿ ಇಳಿಸಿದಳು. "ನಮ್ಮಾಕಿಗೆ ನಿದ್ದಿ ಇಲ್ಲಪ್ಪ. ಕಣ್ಣು ಮುಚ್ಚಿದ್ರ ತಾನ ನೀರಾಗ ನಿಂತಂಗ ಆಗತೈತಂತ. ಕಾಲು ಥಣ್ಣಗ ಆಗತಾವ. 'ಅವ್ವಾ, ಆಕಿ ಹೊರಗ ಬಂದ್ಲೇನು?' ಅಂತ ದಿನಾ ಕೇಳತಾಳ. ಡಾಕ್ಟ್ರಮ್ಮ ನಿದ್ದಿ ಮಾಡಬೇಕು ಅಂದಾಳ, ಬಿಪಿ ಏರೈತಿ. ದಿನ ತುಂಬ್ಯಾವ."

"ಬಂದ್ಲು ಅಂತ ಹೇಳಿಬಿಡು. ಮುಗೀತು."

"ಹೇಳಿದೆ. ಹೆಂಗ ಬಂದ್ಲು ಅಂದ್ಲು. ನನಗ ಹೇಳಾಕ ಬರಲಿಲ್ಲ."

ಬಂದಳು ಅಂದರೆ ಬಂದಳು. ಅದರಲ್ಲಿ ಹೆಂಗ ಏನು? ಆದರೆ ಅತ್ತಿಯ ಮುಖ ನೋಡಿದರೆ ಇದು ನಗುವ ಮಾತಲ್ಲ ಅಂತ ಗೊತ್ತಾಗುತ್ತಿತ್ತು. ಅವಳ ಬೆರಳು ನಿಂತುಬಿಟ್ಟಿದ್ದವು. ಹತ್ತಿಯ ಮುಂದೆ ಅವು ನಿಂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹಳೆಯ ಸಂಚಿಕೆಯಲ್ಲಿ ಬರೆದವನ ಹೆಸರಿನ ಕೆಳಗೆ ಊರು ಇತ್ತು, ನಂದವರಂ. ವಾರದ ರಜೆಯ ದಿನ ಎಮ್ಮಿಗನೂರಿಗೆ ಹೋಗಿ ಬಸ್ ಬದಲಿಸಿ ಹೊರಟೆ. ಕೆಂಪು ಮಣ್ಣಿನ ಮಸಾರಿ ಹೊಲಗಳಲ್ಲಿ ಹತ್ತಿ ಬಿಡಿಸಿ ಮುಗಿದಿತ್ತು. ಬರೀ ಕಟ್ಟಿಗೆ ನಿಂತಿದ್ದವು, ಅಲ್ಲಲ್ಲಿ ಬಿಡಿಸದೆ ಬಿಟ್ಟ ಬಿಳಿ ತುಣುಕು. ಊರಲ್ಲಿಳಿದು ಕತೆ ಬರೆಯುವವರ ಮನೆ ಯಾವುದು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೆಸರು ಹೇಳಿದ ಮೇಲೆ ಒಬ್ಬ, "ಓ, ಗೊಬ್ಬರದಂಗಡಿ ಸಾವ್ಕಾರ್ರ ಅವ್ರು," ಅಂತ ಕೈ ತೋರಿಸಿದ.

ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಮೂಗಿಗೆ ಘಾಟು ಬಡಿಯಿತು. ಹಣೆಗೆ ವಿಭೂತಿ ಹಚ್ಚಿದ, ಅರವತ್ತು ದಾಟಿದ ಒಬ್ಬರು ಒಬ್ಬ ರೈತನಿಗೆ ತೆಲುಗಿನಲ್ಲಿ ಜೋರು ಮಾಡುತ್ತಿದ್ದರು. "ಎನ್ನಿಸಾರ್ಲು ಚೆಪ್ಪಾಲಯ್ಯಾ? ಪೊದ್ದುನ ಕೊಟ್ಟು, ಸಾಯಂತ್ರಂ ವದ್ದು!" ಎಷ್ಟು ಸಲ ಹೇಳಬೇಕು, ಬೆಳಿಗ್ಗೆ ಔಷಧಿ ಹೊಡಿ, ಸಂಜೆ ಬೇಡ, ಇಷ್ಟೇ ಮಾತು. ಒಂದು ಅಕ್ಷರ ಹೆಚ್ಚಿಲ್ಲ. ಇವರೇನಾ ಬೆಳ್ದಿಂಗಳನ್ನು ಉಕ್ಕಿಸಿದವರು ಅಂತ ನನಗೆ ಅನುಮಾನ ಬಂತು.

ರೈತ ಹೋದ ಮೇಲೆ ಹೇಳಿದೆ. "ಸಾವ್ಕಾರ್ರೆ, ನೀವು ಬರದ ಕತಿ ನಾವು ಮಿಲ್ಲಿನಾಗ ಓದತಿದ್ವಿ. ನಿಂತೈತಿ. ಮುಂದ ಏನಾತು ಹೇಳ್ರಿ."

ಅವರು ತಕ್ಕಡಿಯ ಮೇಲೆ ಕೈ ಊರಿ ನಿಂತರು. "ಓದತಿದ್ರೇನು? ಯಾರ್ಯಾರು?"

"ಎಲ್ಲಾರೂ ರೀ. ನಗಾಕ ಓದತಿದ್ವಿ."

ಸುಳ್ಳು ಹೇಳಲು ನನಗೆ ಹೊಳೆಯಲೇ ಇಲ್ಲ. ಅವರು ಕುರ್ಚಿ ಎಳೆದು ಕೂತರು, ನನಗೂ ಒಂದು ಗೊಬ್ಬರದ ಚೀಲ ತೋರಿಸಿದರು.

"ಎಲ್ಲಿ ನಕ್ರಿ?"

"ಹಾಲು ಉಕ್ಕಿದ್ದಕ್ಕ. ದುಂಬಿಗೆ. ಚಂದ್ರ ಬಂದಾಗೆಲ್ಲ."

"ದುಂಬಿಗೆ ಏನಂತ ನಕ್ರಿ?"

ಮಾಮನ ಅರ್ಥ ಹೇಳಿದೆ. ಅವರ ಹೊಟ್ಟೆ ಸದ್ದಿಲ್ಲದೆ ಕುಲುಕಿತು. "ಆಸ್ಪತ್ರಿಗೆ! ಚಲೋ ಅಂದಾನ ಮಗ." ಆಮೇಲೆ ಹೊರಗೆ ಬಿಸಿಲು ನೋಡುತ್ತ ಕೇಳಿದರು, "ಬಳಿ ಸಾಲಿಗೂ ನಕ್ರೇನು?"

ಆ ಬಳೆಯ ಸಾಲು ನನಗೆ ಬಾಯಿಪಾಠವಾಗಿತ್ತು. 'ಅವ್ವ ತೊಡಿಸಿದ ಬಳೆಗಳು ನೀರಿನೊಳಗೆ ಸದ್ದು ಮಾಡಲಿಲ್ಲ.' ಅಷ್ಟೇ.

"ಇಲ್ಲರಿ. ಮಾಮ ಅರ್ಥ ಹೇಳಾಕ ಬಾಯಿ ತಗದ. ಹೇಳಲಿಲ್ಲ. ಬಾಯಾಗ ಅನ್ನ ಇತ್ತು ಅಂದ ಆಮ್ಯಾಕ."

ಅವರು ತಲೆಯಾಡಿಸಿದರು. ನಾನು ಅತ್ತಿಯ ಮಗಳ ಸಂಗತಿ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಪತ್ರಿಕಿ ನಿಂತುಹೋತು ತಮ್ಮಾ. ನಡಸಾವಗ ಆಗವಲ್ದು. ನಾನೂ ಮುಂದ ಬರದಿಲ್ಲ. ಖರೇ ಹೇಳಬೇಕಂದ್ರ ಆಕೀನ ಹೊರಗ ತರಾಕ ನನಗ ಮನಸ್ಸ ಆಗಿದ್ದಿಲ್ಲ. ಹೊರಗ ಬಂದ್ರ ಕತಿ ಮುಗೀತದ. ಮುಗದ್ರ ಮರದಿನ ಮುಂಜಾನಿ ಎದ್ದು ನಾ ಏನು ಬರೀಲಿ? ಬರೀ ಯೂರಿಯಾನ?"

"ಈಗ ತರ್ರಿ," ಅಂತ ಫೋನಿನ ರೆಕಾರ್ಡಿಂಗ್ ಒತ್ತಿ ಅವರ ಮುಂದೆ ಹಿಡಿದೆ.

ಅವರು ಕಣ್ಣು ಮುಚ್ಚಿದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಮತ್ತೆ ಚಂದ್ರನಿಂದ! ಅವನು ಬೆಟ್ಟದ ನೆತ್ತಿಗೆ ಬಂದ, ಮೋಡದ ಹಿಂದೆ ಹೋದ, ಮೀನುಗಳು ಎದ್ದು ಅವನನ್ನು ಕೇಳಿದವು.

"ಸಾವ್ಕಾರ್ರೆ, ಮೊದಲ ಆಕಿ ಕಾಲು ನೀರಾಗಿಂದ ಎತ್ತಸ್ರಿ."

"ಅವಸರ ಮಾಡಬ್ಯಾಡ. ನೀರಾಗ ನಿಂತಾವರು ಹಂಗ ಪಟ್ನ ಬರಾಕ ಆಗಂಗಿಲ್ಲ. ಸೀರಿ ಒದ್ದಿ ಆಗಿರತದ, ಭಾರ. ಕೆಳಗ ಕಲ್ಲು ಪಾಚಿ ಕಟ್ಟಿರತಾವ. ಹೆಂಗ ಹಾರಸಲಿ?"

ಒಂದು ಹೆಜ್ಜೆ ಇಡಿಸಿದರು. ಇನ್ನೊಂದು. ನೀರು ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಇಳಿಯಿತು. ಆಗ ಟ್ರ್ಯಾಕ್ಟರಿನಲ್ಲಿ ಗಿರಾಕಿಗಳು ಬಂದು ಇಳಿದರು. ಸಾವ್ಕಾರರು ಕಣ್ಣು ತೆರೆದರು, ಎಲ್ಲಿದ್ದೇನೆ ಅಂತ ನೋಡಿಕೊಂಡ ಹಾಗೆ ಸುತ್ತ ನೋಡಿದರು.

"ಮೊಣಕಾಲ ತನಕ ತಂದೀನಿ. ಮುಂದ ನನಗ ಆಗವಲ್ದು. ಉಳದಿದ್ದು ನೀ ಕರಕೊಂಡು ಹೋಗು."

"ನನಗ ಬರೆಯಾಕ ಬರಂಗಿಲ್ಲರಿ."

"ಬರಿಯಂದೆನೇನು? ಓದು. ಇಷ್ಟು ದಿನ ಓದಾವಗ ಅಷ್ಟು ಹಕ್ಕು ಇರತದ."

ವಾಪಸು ಬರುವ ಬಸ್ಸಿನಲ್ಲಿ ರೆಕಾರ್ಡಿಂಗ್ ಕಿವಿಗೆ ಹಾಕಿಕೊಂಡು ಕಿಟಕಿಗೆ ತಲೆ ಇಟ್ಟೆ. ಒಂದು ಕಾಲುವೆ ರಸ್ತೆಯ ಜೊತೆ ಸ್ವಲ್ಪ ದೂರ ಬಂದು ತಿರುಗಿಹೋಯಿತು. ಅವರ ದನಿ ಮುಗಿದ ಮೇಲೂ ಅವಳು ನಿಂತಿದ್ದಳು, ಮೊಣಕಾಲ ನೀರಿನಲ್ಲಿ, ಬಸ್ಸಿನ ಕಿಟಕಿಯ ಗಾಜಿನ ಆಚೆ, ಹತ್ತಿ ಕಟ್ಟಿಗೆಯ ಹೊಲಗಳ ಮೇಲೆ. ಬಸ್ ಓಡುತ್ತಿತ್ತು, ಅವಳೂ ಜೊತೆಗೇ ಬರುತ್ತಿದ್ದಳು. ಹಂಗಾಮಿನುದ್ದಕ್ಕೂ ಅವಳ ಕತೆಗೆ ನಕ್ಕಿದ್ದೆವು, ಆದರೆ ಅವಳ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಲು ಹೋದರೆ ಅವಳು ಆ ಕಡೆ ತಿರುಗಿದ್ದಳು, ದಂಡೆಯ ಕಡೆಗೆ. ಕರೆದರೆ ಬೆಚ್ಚುತ್ತಾಳೇನೋ ಅಂತ ಕರೆಯಲಿಲ್ಲ. ಆದೋನಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನನ್ನ ಭುಜ ಅಲುಗಿಸಿದ.

ಮರುದಿನ ಮಷಿನ್ ನಿಂತಿತು. ಕಿವಿಯೊಳಗಿನದೂ ನಿಂತಿತು. ಅತ್ತಿ ಎಲ್ಲರಿಗಿಂತ ಮುಂದೆ ಬಂದು ಕೂತಳು. ಗೊಬ್ಬರದಂಗಡಿ ಸಾವ್ಕಾರರ ರೆಕಾರ್ಡಿಂಗ್ ಹಾಕಿದೆ. ಮಾಮ ಅಭ್ಯಾಸದಿಂದ "ಅಂದ್ರ" ಅಂದ, ಅತ್ತಿ ನೋಡಿದ ನೋಟಕ್ಕೆ ಸುಮ್ಮನಾದ. ಮೊಣಕಾಲಿನವರೆಗೆ ಬಂದು ದನಿ ನಿಂತಿತು.

ಮುಂದೆ ನಾನು. ಕೈಯಲ್ಲಿ ಕಾಗದ ಇಲ್ಲ. ಪುರಾಣದ ರಾಗ ತೆಗೆದೆ, ಆ ಹುಡುಗಿಯನ್ನು ಬೇರೆ ದನಿಯಲ್ಲಿ ಕರೆಯುವುದು ನನಗೆ ಗೊತ್ತಿರಲಿಲ್ಲ. "ಅವಳು ಹೊರಗೆ ಬಂದಳು" ಅಂತ ಹೇಳಲು ಬಾಯಿ ತೆರೆದೆ. ಬಿಸಿಲಿನ ಕೋಲುಗಳಲ್ಲಿ ನವಿರು ನಿಂತಿತ್ತು. ಅಷ್ಟು ಜನ ಹೆಂಗಸರು ಅಲುಗಾಡದೆ ನೋಡುತ್ತಿದ್ದರು. ಆ ಒಂದು ಮಾತು ಬಾಯಿಂದ ಬರಲಿಲ್ಲ.

"ಅವಳು ಎಡಗಾಲು ಎತ್ತಿದಳು," ಅಂದೆ.

"ನಿಧಾನ," ಅಂದಳು ಅತ್ತಿ. "ಕಲ್ಲು ಜಾರತಾವ."

"ಕಲ್ಲು ಜಾರಿತು. ಕೈ ಚಾಚಿದಳು. ದಂಡೆಯ ಜಾಲಿಗಿಡದ ಕೊಂಬೆ ಸಿಕ್ಕಿತು."

"ಜಾಲಿ ಬ್ಯಾಡೋ, ಮುಳ್ಳು," ಅಂದಳು ಹಿಂದಿನಿಂದ ಒಬ್ಬಳು. "ಲೆಕ್ಕಿ ಗಿಡ ಹಿಡಸು. ಹೊಳಿ ದಂಡಿಗೆ ಇರತೈತಿ."

ಲೆಕ್ಕಿ ಗಿಡ ಹಿಡಿಸಿದೆ. ಕೊಡ ತೇಲಿಹೋಗುತ್ತಿತ್ತು. ಬಿಡಲಿ ಅಂದರು ಕೆಲವರು, ತಾಮ್ರದ್ದು ಹೆಂಗ ಬಿಡತಾಳ ಅಂದರು ಕೆಲವರು. ಮಾಮ ಎದ್ದು, "ನಾ ಹಿಡೀತೀನಿ ಕೊಡ, ನೀವು ಆಕೀನ ಕರಕೊಳ್ರಿ," ಅಂದ. ಒಬ್ಬರೂ ನಗಲಿಲ್ಲ. ನೀರು ಮೀನಖಂಡಕ್ಕೆ ಇಳಿಯಿತು, ಪಾದಕ್ಕೆ ಇಳಿಯಿತು. ಬೆಳ್ದಿಂಗಳು ಅವಳ ಒದ್ದೆ ಬೆನ್ನ ಮೇಲೆ ಬಿದ್ದಿತ್ತು ಅಂತ ನಾನೇ ಹೇಳಿದೆ. ಯಾರೂ ಹೇಳಿಕೊಡಲಿಲ್ಲ, ಅದು ಅಲ್ಲಿ ಬಿದ್ದಿತ್ತು.

"ಮಣ್ಣು ಹತ್ತಿತು ಅವಳ ಕಾಲಿಗೆ," ಅಂದೆ.

"ಅಂದ್ರ," ಅಂದ ಮಾಮ. ಹಿಡಿದ ಕೊಡವನ್ನು ಕೆಳಗಿಡುವ ಹಾಗೆ ಬಗ್ಗಿದ. "ಬಂದ್ಲು."

ಹತ್ತಿ ಇರುವ ಕಡೆ ಕಡ್ಡಿ ಗೀರುವ ಹಾಗಿಲ್ಲ. ಮಾಮ ಫೋನಿನ ಟಾರ್ಚ್ ಹಚ್ಚಿ, ಡಬ್ಬಿಯ ಮುಚ್ಚಳದ ಮೇಲೆ ಇಟ್ಟು ಆರತಿ ಎತ್ತಿದ. ಹೆಂಗಸರು ಮಂಗಳ ಹಾಡಿದರು. ಅತ್ತಿ ಹಾಡಲಿಲ್ಲ. ನಾನು ಹೇಳಿದ್ದನ್ನೆಲ್ಲ ಮರೆಯಬಾರದು ಅಂತ ತುಟಿಯೊಳಗೇ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು, ಎಡಗಾಲು, ಕಲ್ಲು, ಲೆಕ್ಕಿ ಗಿಡ.

ಮಾರನೆಯ ದಿನ ಅತ್ತಿ ತಡವಾಗಿ ಬಂದಳು. ಮಷಿನ್ನುಗಳು ಓಡುತ್ತಿದ್ದವು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು.

"ನಮ್ಮಾಕಿ ರಾತ್ರಿ ಪೂರಾ ಮಲಗಿದ್ಲಪ್ಪ! ಬಿಸಿಲು ಬಿದ್ರೂ ಎದ್ದಿಲ್ಲ. ಆಸ್ಪತ್ರಿಗೆ ತೋರಿಸಿ ಬಂದೆ, ಬಿಪಿ ಇಳದೈತಂತ."

"ಚಲೋ ಆತು!" ಅಂತ ನಾನೂ ಕೂಗಿದೆ.

"ಒಂದು ಕೇಳಿ ಬಾ ಅಂದಾಳ. ಮನಿಗೆ ಹೋದ ಮ್ಯಾಲೆ ಆಕಿಗೆ ಒಣ ಸೀರಿ ಕೊಟ್ರೇನು?"

"ಕೊಟ್ರು."

"ಯಾವ ಬಣ್ಣದ್ದು?"

ಹತ್ತಿ ತುಂಬಿದ ಎರಡು ಕೈಗಳೂ ಮಷಿನ್ನಿನ ಬಾಯಿಯ ಮುಂದೆ ನಿಂತವು. ಅತ್ತಿ ಕಾಯುತ್ತಿದ್ದಳು. ನಾನು ಕಣ್ಣು ಮುಚ್ಚಿ ನೋಡತೊಡಗಿದೆ.